ಚಳಿಗೆ ಗ್ಯಾಸೋ, ಕರೆಂಟೋ?

ದೆಹಲಿಗೆ ಹೊಸದಾಗಿ ಬಂದ ನಮ್ಮವರು ನವೆಂಬರ್ ಕಾಲಿಟ್ಟೊಡನೆ ಕೇಳುವ ಪ್ರಶ್ನೆ ಒಂದೇ: ‘ಗ್ಯಾಸ್ ಗೀಸರ್ ಹಾಕಿಸಲಾ, ಕರೆಂಟಿನದ್ದಾ? ಯಾವುದು ಅಗ್ಗ?’ ಹನ್ನೊಂದು ವರ್ಷಗಳ ಹಿಂದೆ ನಾನೂ ಇದನ್ನೇ ಕೇಳಿದ್ದೆ. ಮೊದಲು ಕೇಳಬೇಕಾದದ್ದು ಬೇರೆಯೇ ಇದೆ ಎಂದು ತಿಳಿದದ್ದು ತೀರ್ಥಹಳ್ಳಿಯಿಂದ ಅಮ್ಮ ಬಂದಿದ್ದ ಚಳಿಗಾಲದಲ್ಲಿ.

ಲೆಕ್ಕವೇನೋ ಸುಲಭ. ಜನವರಿಯ ನಲ್ಲಿ ನೀರು 15 ಡಿಗ್ರಿ ಎಂದುಕೊಳ್ಳಿ. 20 ಲೀಟರಿನ ಒಂದು ಬಕೆಟ್ ನೀರನ್ನು 40 ಡಿಗ್ರಿಗೆ ಕಾಯಿಸಲು ಅರ್ಧ ಯೂನಿಟ್‌ಗಿಂತ ತುಸು ಹೆಚ್ಚು ಶಾಖ ಬೇಕು. 14.2 ಕಿಲೋ ಸಿಲಿಂಡರಿನಲ್ಲಿ ಸುಮಾರು 180 ಯೂನಿಟ್‌ನಷ್ಟು ಶಾಖವಿದೆ. ಐದರಲ್ಲೊಂದು ಪಾಲು ಹಾಳಾದರೂ 145 ಯೂನಿಟ್ ನೀರಿಗೆ ಸೇರುತ್ತದೆ. ಸಿಲಿಂಡರ್ ಬೆಲೆಯನ್ನು 145ರಿಂದ ಭಾಗಿಸಿ, ನಿಮ್ಮ ಕರೆಂಟ್ ಬಿಲ್ಲಿನ ದರದ ಪಕ್ಕದಲ್ಲಿಟ್ಟು ನೋಡಿ. ಇಬ್ಬರು ಮೂವರಿರುವ ಮನೆಗೆ ವ್ಯತ್ಯಾಸ ನಾವಂದುಕೊಂಡಷ್ಟು ದೊಡ್ಡದಲ್ಲ.

ನಮ್ಮ ಬಾಡಿಗೆ ಮನೆಯಲ್ಲಿ ಗ್ಯಾಸ್ ಗೀಸರ್ ಸ್ನಾನದ ಮನೆಯ ಒಳಗೇ ಇತ್ತು. ಮೇಲೊಂದು ಪುಟ್ಟ ಕಿಟಕಿ. ಅಮ್ಮನಿಗೆ ಚಳಿಯಾಗಬಾರದೆಂದು ಅದಕ್ಕೆ ಹಳೇ ಪೇಪರು ತುರುಕಿದವನು ನಾನೇ. ಮಗಳು, ಹೆಂಡತಿ, ನಾನು ಮುಗಿಸಿದ ಮೇಲೆ ಅಮ್ಮ ಸ್ನಾನಕ್ಕೆ ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲ. ಬಾಗಿಲು ಬಡಿದಾಗ ಹೇಗೋ ಚಿಲಕ ತೆಗೆದು ಹೊಸ್ತಿಲಲ್ಲೇ ಕುಸಿದರು. ‘ತಲೆ ಸುತ್ತುತ್ತೆ ಕಣೋ’ ಎಂದಷ್ಟೇ ಹೇಳಿದ್ದು. ಬಿಪಿ ಇರಬೇಕು ಎಂದುಕೊಂಡೆವು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, ‘ಗೀಸರ್ ಎಲ್ಲಿದೆ?’

ಗ್ಯಾಸ್ ಸೋರಿದರೆ ಮೂಗಿಗೆ ಗೊತ್ತಾಗುತ್ತದೆ, ಏಕೆಂದರೆ ಮರ್‌ಕ್ಯಾಪ್ಟನ್ ಎಂಬ ನಾತವನ್ನು ಬೇಕೆಂದೇ ಬೆರೆಸಿರುತ್ತಾರೆ. ಆದರೆ ಗಾಳಿ ಸಾಲದೆ ಗ್ಯಾಸ್ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟು ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಆಮೇಲೆ ಚಿಲಕ ತೆಗೆಯಲೂ ಶಕ್ತಿಯಿಲ್ಲ. ಕೊಳವೆ ಗ್ಯಾಸ್ ಬಂದಿದೆಯಲ್ಲ, ಇನ್ನೇನು ಭಯ ಎನ್ನುವವರಿದ್ದಾರೆ. ಅದು ಗಾಳಿಗಿಂತ ಹಗುರ, ಸಿಲಿಂಡರ್ ಗ್ಯಾಸಿನಂತೆ ಸೋರಿದರೆ ನೆಲದಲ್ಲಿ ಮಡುಗಟ್ಟುವುದಿಲ್ಲ, ನಿಜ. ಮುಚ್ಚಿದ ಕೋಣೆಯಲ್ಲಿ ಉರಿದರೆ ಎರಡೂ ಒಂದೇ.

ಊರಿನ ಬಚ್ಚಲಿನಲ್ಲಿ ಅಮ್ಮ ಐವತ್ತು ವರ್ಷ ಹಂಡೆಗೆ ಅಡಿಕೆ ಸಿಪ್ಪೆ ಉರಿಸಿದವರು. ಕಣ್ಣುರಿಯುವಷ್ಟು ಹೊಗೆ. ಆದರೆ ಹೆಂಚಿನ ಸಂದಿಯಲ್ಲಿ ಅದಕ್ಕೊಂದು ದಾರಿಯಿತ್ತು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಬಾಲ್ಕನಿಯಲ್ಲಿ ಗೀಸರ್ ಇಟ್ಟು ಪೈಪಿನಲ್ಲಿ ನೀರು ಮಾತ್ರ ಒಳತರಲು ಸಾಧ್ಯವಿದ್ದರೆ ಗ್ಯಾಸ್ ಹಾಕಿಸಿ, ದೊಡ್ಡ ಸಂಸಾರಕ್ಕೆ ಅದೇ ಅನುಕೂಲ. ಇಲ್ಲದಿದ್ದರೆ ಕರೆಂಟೇ ಸರಿ, ಬಿಲ್ ನಾಲ್ಕು ಕಾಸು ಹೆಚ್ಚಾದರೂ. ಕೋಣೆ ಬೆಚ್ಚಗಿಡಲು ಸಿಲಿಂಡರ್ ಸಿಕ್ಕಿಸುವ ಗ್ಯಾಸ್ ಹೀಟರಂತೂ ಮಲಗುವ ಕೋಣೆಗೆ ಬೇಡವೇ ಬೇಡ. ಆಯಿಲ್ ಹೀಟರ್ ಎಂದರೆ ಎಣ್ಣೆ ಉರಿಯುತ್ತದೆಂದು ಮೊದಲ ವರ್ಷ ನಾನು ಹೆದರಿದ್ದೆ. ಅದರೊಳಗಿನ ಎಣ್ಣೆ ಕರೆಂಟಿನಲ್ಲಿ ಬಿಸಿಯಾಗುತ್ತದೆ, ಅಷ್ಟೇ. ಹಾಗೆಂದು ಅಂಗಡಿಯವರು ಹೇಳುವಂತೆ ಅದು ಕರೆಂಟ್ ಉಳಿಸುವುದೂ ಇಲ್ಲ. ಒಂದು ಯೂನಿಟ್‌ಗೆ ರಾಡ್ ಹೀಟರ್ ಕೊಡುವಷ್ಟೇ ಶಾಖ.

ಹಾಗೆಯೇ ಗೇಟಿನ ಗಾರ್ಡ್‌ನ ಕಡೆಗೂ ಒಮ್ಮೆ ನೋಡಿ. ಪುಟ್ಟ ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡು ಇದ್ದಿಲಿನ ಅಂಗೀಠಿ ಇಟ್ಟುಕೊಂಡಿರುತ್ತಾನೆ. ಅವನಿಗೊಂದು ಕರೆಂಟ್ ಹೀಟರ್ ಕೊಡಿಸಲು ನಮ್ಮ ಸೊಸೈಟಿಯಲ್ಲಿ ಮೂರು ಮೀಟಿಂಗ್ ಬೇಕಾದವು.

ಗೀಸರ್ ಹೊರಗಿಡಲು ನಮ್ಮ ಮನೆ ಮಾಲೀಕರು ಒಪ್ಪಲಿಲ್ಲ. ಮಾರ್ಚ್‌ನಲ್ಲಿ ಮನೆ ಬದಲಿಸಿದೆವು. ಅಲ್ಲಿಗೆ ಬಂದ ಹುಡುಗ ಹುಬ್ಬಳ್ಳಿಯವನು. ಫೋನ್ ಮಾಡಿ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ‘ಅದೆಲ್ಲಾ ಇರ್ಲಿ ಸರ್ರ, ಒಂದು ಸಿಲಿಂಡರ್ ಎಷ್ಟ್ ತಿಂಗಳ ಬರ್ತದ?’ ಎಂದ.