ನದಿಯ ಪ್ರಶ್ನೆ ಸಂಸತ್ತನ್ನು ಮುಟ್ಟುವ ದಾರಿ

ಸಾಗರ ತಾಲ್ಲೂಕಿನ ಇಕ್ಕೇರಿಯ ಸಮೀಪ, ವರದಾಮೂಲದಲ್ಲಿ ಹುಟ್ಟುವ ವರದಾ ನದಿ ಸೊರಬದ ಗದ್ದೆಬಯಲುಗಳನ್ನೂ ಬನವಾಸಿಯನ್ನೂ ಹಾನಗಲ್ಲ ಸೀಮೆಯನ್ನೂ ಹಾಯ್ದು ಹಾವೇರಿ ತಾಲ್ಲೂಕಿನ ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯವಿರುವ ಈ ಸಂಗಮದಲ್ಲಿ ಮಲೆನಾಡಿನ ಮಳೆ ಬಯಲುಸೀಮೆಯ ಬದುಕಾಗುತ್ತದೆ. ಮೂಲದಲ್ಲಿ ಕಾನು ಕಡಿದರೆ, ನಡುದಾರಿಯಲ್ಲಿ ಮರಳು ಬಗೆದರೆ, ಮೇಲ್ಭಾಗದ ಕಾರ್ಖಾನೆಯ ಕೊಳೆ ಹೊಳೆಗೆ ಬಿದ್ದರೆ ಅದರ ಫಲವನ್ನು ಉಣ್ಣುವವರು ಈ ದಡದ ಜನ. ನದಿಗೆ ಮೂಲ ಬೇರೆ, ಸಂಗಮ ಬೇರೆ ಎಂಬ ಭೇದವಿಲ್ಲ.

ಸಂಸತ್ತಿನ ನಕ್ಷೆಯಲ್ಲಿ ಮಾತ್ರ ಈ ನದಿ ಹಂಚಿಹೋಗಿದೆ. ವರದಾಮೂಲ ಇರುವುದು ಶಿವಮೊಗ್ಗ ಲೋಕಸಭಾ ಕ್ಷೇತ್ರದಲ್ಲಿ, ಬನವಾಸಿ ಉತ್ತರ ಕನ್ನಡದಲ್ಲಿ, ಗಳಗನಾಥ ಹಾವೇರಿಯಲ್ಲಿ. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ರೂಪುಗೊಂಡ ಹಾವೇರಿ ಕ್ಷೇತ್ರವು ಹಾನಗಲ್ಲ, ಹಾವೇರಿ, ಬ್ಯಾಡಗಿ, ಹಿರೇಕೆರೂರು, ರಾಣೇಬೆನ್ನೂರುಗಳ ಜೊತೆಗೆ ಗದಗ, ರೋಣ, ಶಿರಹಟ್ಟಿಗಳನ್ನೂ ಒಳಗೊಂಡಿದೆ. ಹೀಗೆ ಒಂದೇ ಹೊಳೆಯ ಜನ ಬೇರೆ ಬೇರೆ ಸಂಸದರನ್ನು ಆರಿಸಿ ದೆಹಲಿಗೆ ಕಳಿಸುತ್ತಾರೆ. ಕಳಿಸಿದ ಬಳಿಕ ಅಲ್ಲಿ ಏನು ನಡೆಯುತ್ತದೆ ಎಂಬುದು ಬಹುತೇಕ ಹಳ್ಳಿಗಳಿಗೆ ದೂರದ ಸುದ್ದಿ. ದೂರದರ್ಶನದಲ್ಲಿ ಕಾಣುವ ಗದ್ದಲವೇ ಸಂಸತ್ತು ಎಂಬ ತಿಳಿವಳಿಕೆ ಬೇರೂರಿದೆ. ಈ ಅಜ್ಞಾನಕ್ಕೆ ಕಾಡೂ ನದಿಯೂ ಬೆಲೆ ತೆರುತ್ತಿವೆ.

ನೀರು ರಾಜ್ಯಗಳ ವಿಷಯವೆಂದು ಸಂವಿಧಾನ ಹೇಳಿದರೂ ನೆಲ-ಜಲದ ದೊಡ್ಡ ನಿರ್ಣಯಗಳಲ್ಲಿ ಸಂಸತ್ತಿನ ಕೈಯಿದೆ. ಜಲಮಾಲಿನ್ಯ ತಡೆ ಕಾಯಿದೆಯನ್ನು 1974ರಲ್ಲಿ ಸಂಸತ್ತು ರೂಪಿಸಿತು. ತುಂಗಭದ್ರೆಯ ದಡದ ಕುಮಾರಪಟ್ಟಣದ ಕೈಗಾರಿಕಾ ಮಾಲಿನ್ಯದ ವಿರುದ್ಧ 1980ರ ದಶಕದಲ್ಲಿ ನದಿತೀರದ ಹಳ್ಳಿಗಳು ಎದ್ದು ನಿಂತಾಗ ಆಧಾರವಾಗಿ ದೊರೆತದ್ದು ಇದೇ ಕಾನೂನು. 1972ರ ವನ್ಯಜೀವಿ ಕಾಯಿದೆ, 1980ರ ಅರಣ್ಯ ಸಂರಕ್ಷಣಾ ಕಾಯಿದೆ, 2002ರ ಜೀವವೈವಿಧ್ಯ ಕಾಯಿದೆ, 2006ರ ಅರಣ್ಯ ಹಕ್ಕು ಕಾಯಿದೆಗಳೂ ಅಲ್ಲಿಯೇ ಹುಟ್ಟಿದವು. ಸೊಪ್ಪಿನಬೆಟ್ಟದ ಸೊಪ್ಪಿನಿಂದ ಹಿಡಿದು ಹೊಳೆಯ ಮೀನಿನವರೆಗೆ ಈ ಕಾನೂನುಗಳ ನೆರಳು ಬೀಳದ ವಸ್ತುವಿಲ್ಲ.

ಸಂಸತ್ತು ಎಂದರೆ ರಾಷ್ಟ್ರಪತಿ, ರಾಜ್ಯಸಭೆ ಮತ್ತು ಲೋಕಸಭೆ ಈ ಮೂರೂ ಸೇರಿದ ವ್ಯವಸ್ಥೆ. ಲೋಕಸಭೆಗೆ ಜನರು ನೇರವಾಗಿ ಆರಿಸುವ 543 ಸದಸ್ಯರಲ್ಲಿ ಕರ್ನಾಟಕದವರು 28. ರಾಜ್ಯಸಭೆಯ 245 ಸ್ಥಾನಗಳಲ್ಲಿ ಕರ್ನಾಟಕದ್ದು 12. ಇವರನ್ನು ಆರಿಸುವವರು ವಿಧಾನಸಭೆಯ ಸದಸ್ಯರು. ಲೋಕಸಭೆಗೆ ಐದು ವರ್ಷದ ಅವಧಿಯುಂಟು. ರಾಜ್ಯಸಭೆ ವಿಸರ್ಜನೆಯಾಗುವುದಿಲ್ಲ, ಎರಡು ವರ್ಷಕ್ಕೊಮ್ಮೆ ಅದರ ಮೂರನೆಯ ಒಂದು ಭಾಗದ ಸದಸ್ಯರು ನಿವೃತ್ತರಾಗುತ್ತಾರೆ. ಹಣಕಾಸಿನ ಮಸೂದೆಯಲ್ಲಿ ಲೋಕಸಭೆಯ ಮಾತೇ ಕೊನೆಯದು. ಉಳಿದ ಮಸೂದೆಗಳಿಗೆ ಎರಡೂ ಸದನಗಳ ಒಪ್ಪಿಗೆ ಬೇಕು.

ಲೋಕಸಭೆಯ ಕಲಾಪವನ್ನು ನಡೆಸುವವರು ಸಭಾಧ್ಯಕ್ಷರು. ಯಾರಿಗೆ ಮಾತಾಡಲು ಅವಕಾಶ, ಯಾವ ಪ್ರಶ್ನೆ ಅಂಗೀಕಾರಾರ್ಹ, ಯಾವ ಮಸೂದೆ ಹಣಕಾಸಿನ ಮಸೂದೆ ಎಂಬ ನಿರ್ಣಯಗಳು ಅವರವು. ಕನ್ನಡಿಗರಾದ ಕೆ. ಎಸ್. ಹೆಗ್ಡೆಯವರು 1977ರಿಂದ 1980ರವರೆಗೆ ಈ ಪೀಠದಲ್ಲಿದ್ದರು. ರಾಜ್ಯಸಭೆಗೆ ಉಪರಾಷ್ಟ್ರಪತಿಯೇ ಸಭಾಪತಿ. ಯಾವ ವಿಷಯಕ್ಕೆ ಎಷ್ಟು ಹೊತ್ತು ಎಂಬುದು ಸಭಾಧ್ಯಕ್ಷರ ನೇತೃತ್ವದ ಕಾರ್ಯಕಲಾಪ ಸಲಹಾ ಸಮಿತಿಯಲ್ಲಿ ನಿಶ್ಚಯವಾಗುತ್ತದೆ. ಆದರೂ ಅಧಿವೇಶನವನ್ನು ಯಾವಾಗ ಕರೆಯಬೇಕು, ಯಾವ ಮಸೂದೆಯನ್ನು ತರಬೇಕು ಎಂಬುದು ಸರ್ಕಾರದ ಕೈಯಲ್ಲಿದೆ. ಎರಡು ಅಧಿವೇಶನಗಳ ನಡುವೆ ಆರು ತಿಂಗಳಿಗಿಂತ ಹೆಚ್ಚಿನ ಅಂತರವಿರಬಾರದೆಂಬುದಷ್ಟೇ ಸಂವಿಧಾನದ ಕಟ್ಟಳೆ. 1985ರ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ ಪಕ್ಷದ ವಿಪ್ ಮೀರಿ ಮತ ಹಾಕಿದ ಸದಸ್ಯರು ಸ್ಥಾನವನ್ನೇ ಕಳೆದುಕೊಳ್ಳಬಹುದು. ಕ್ಷೇತ್ರದ ಜನ ಏನೇ ಹೇಳಲಿ, ಮತದಾನದ ಗಳಿಗೆಯಲ್ಲಿ ಸಂಸದರ ಕೈ ಕಟ್ಟಿರುತ್ತದೆ.

ಹಾಗಾದರೆ ಜನರ ಮಾತು ತಟ್ಟುವುದು ಎಲ್ಲಿ? ಮತದಾನಕ್ಕೆ ಮೊದಲಿನ ಹಂತಗಳಲ್ಲಿ. ಇವುಗಳಲ್ಲಿ ಮುಖ್ಯವಾದುದು ಸಮಿತಿ. 1993ರಲ್ಲಿ ಇಲಾಖಾವಾರು ಸ್ಥಾಯಿ ಸಮಿತಿಗಳ ಪದ್ಧತಿ ವ್ಯಾಪಕವಾಗಿ ಜಾರಿಗೆ ಬಂದಿತು. 2004ರಲ್ಲಿ ಅವುಗಳ ಸಂಖ್ಯೆ 24ಕ್ಕೆ ಏರಿತು. ಪ್ರತಿ ಸಮಿತಿಯಲ್ಲಿ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರು. ಪರಿಸರ ಮತ್ತು ಅರಣ್ಯಕ್ಕೆ ಒಂದು ಸಮಿತಿ, ಜಲಸಂಪನ್ಮೂಲಕ್ಕೆ ಇನ್ನೊಂದು. ಇಲ್ಲಿ ಬಾಗಿಲು ಮುಚ್ಚಿ ಮಾತುಕತೆ ನಡೆಯುತ್ತದೆ. ವಿಪ್ ಇಲ್ಲ, ದೂರದರ್ಶನವಿಲ್ಲ. ಅಧಿಕಾರಿಗಳನ್ನು ಕರೆಸಿ ಕೇಳಬಹುದು, ತಜ್ಞರ ಸಾಕ್ಷ್ಯ ಪಡೆಯಬಹುದು, ಮಸೂದೆಯ ಮೇಲೆ ಸಾರ್ವಜನಿಕರ ಲಿಖಿತ ಅಭಿಪ್ರಾಯ ಆಹ್ವಾನಿಸಬಹುದು. ಹಳ್ಳಿಯ ಮನವಿಯೊಂದು ಕಾನೂನಿನ ಅಕ್ಷರವನ್ನು ತಿದ್ದಬಲ್ಲ ಜಾಗ ಇದು.

ಇದಕ್ಕೆ ಅರಣ್ಯ ಹಕ್ಕು ಕಾಯಿದೆಯೇ ಸಾಕ್ಷಿ. 2005ರ ಡಿಸೆಂಬರ್ 13ರಂದು ಲೋಕಸಭೆಯಲ್ಲಿ ಮಂಡನೆಯಾದ ಮಸೂದೆಯು ಪರಿಶಿಷ್ಟ ಪಂಗಡದವರಿಗೆ ಮಾತ್ರ ಸೀಮಿತವಾಗಿತ್ತು. 1980ರ ಅಕ್ಟೋಬರ್ 25ಕ್ಕೆ ಮೊದಲು ಕಾಡಿನಲ್ಲಿ ನೆಲೆಸಿದವರಿಗಷ್ಟೇ ಹಕ್ಕು ಎಂದಿತ್ತು. ಮಸೂದೆಯನ್ನು ಎರಡೂ ಸದನಗಳ ಜಂಟಿ ಸಮಿತಿಗೆ ಒಪ್ಪಿಸಲಾಯಿತು. ವಿ. ಕಿಶೋರ್ ಚಂದ್ರ ದೇವ್ ಅದರ ಅಧ್ಯಕ್ಷರು. ದೇಶದ ನಾನಾ ಭಾಗಗಳ ಅರಣ್ಯವಾಸಿ ಸಂಘಟನೆಗಳು ಸಮಿತಿಯ ಮುಂದೆ ಅಹವಾಲು ಇಟ್ಟವು. 2006ರ ಮೇ ತಿಂಗಳಲ್ಲಿ ಸಮಿತಿ ವರದಿ ಸಲ್ಲಿಸಿತು. ಅದೇ ಡಿಸೆಂಬರ್‌ನಲ್ಲಿ ಮಸೂದೆಯು ಅಂಗೀಕಾರ ಪಡೆಯುವ ಹೊತ್ತಿಗೆ ‘ಇತರ ಪಾರಂಪರಿಕ ಅರಣ್ಯವಾಸಿಗಳು’ ಎಂಬ ಪದ ಸೇರಿಕೊಂಡಿತ್ತು. ನೆಲೆಸಿದ ಗಡುವು 2005ರ ಡಿಸೆಂಬರ್ 13ಕ್ಕೆ ಸರಿದಿತ್ತು. ಒಂದು ಕುಟುಂಬದ ಹಿಡುವಳಿಯ ಮಿತಿ ಎರಡೂವರೆ ಹೆಕ್ಟೇರಿನಿಂದ ನಾಲ್ಕಕ್ಕೆ ಏರಿತ್ತು. ಸಮಿತಿ ಹೇಳಿದ್ದೆಲ್ಲವೂ ಒಪ್ಪಿತವಾಗಲಿಲ್ಲ. ಇತರ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸವನ್ನು ಸಾಬೀತುಪಡಿಸಬೇಕೆಂಬ ನಿಬಂಧನೆ ಮಲೆನಾಡಿನ ಬಡ ರೈತರಿಗೆ ಇಂದಿಗೂ ಮುಳ್ಳಾಗಿದೆ. ಆದರೂ ಪರಿಶಿಷ್ಟ ಪಂಗಡಕ್ಕೆ ಸೇರದ ಮಲೆನಾಡಿಗನೊಬ್ಬ ಗ್ರಾಮಸಭೆಯ ಮುಂದೆ ಅರ್ಜಿ ಹಿಡಿದು ನಿಲ್ಲಲು ಸಾಧ್ಯವಾದದ್ದು ಮಸೂದೆ ಸಮಿತಿಯ ಬಾಗಿಲನ್ನು ಹಾಯ್ದು ಬಂದುದರಿಂದ.

ಹದಿನೇಳು ವರ್ಷಗಳ ನಂತರದ ಚಿತ್ರ ಬೇರೆ. 1980ರ ಅರಣ್ಯ ಸಂರಕ್ಷಣಾ ಕಾಯಿದೆಗೆ ತಿದ್ದುಪಡಿ ತರುವ ಮಸೂದೆ 2023ರ ಮಾರ್ಚ್ 29ರಂದು ಮಂಡನೆಯಾಯಿತು. ಪರಿಸರ ವಿಷಯಗಳಿಗೆಂದೇ ಇರುವ ಸ್ಥಾಯಿ ಸಮಿತಿಯನ್ನು ಬಿಟ್ಟು ಅದನ್ನು ಪ್ರತ್ಯೇಕ ಜಂಟಿ ಸಮಿತಿಗೆ ಕಳಿಸಲಾಯಿತು. ಸ್ಥಾಯಿ ಸಮಿತಿಯ ಅಂದಿನ ಅಧ್ಯಕ್ಷ ಜೈರಾಮ್ ರಮೇಶ್ ಇದನ್ನು ಬಹಿರಂಗವಾಗಿ ಆಕ್ಷೇಪಿಸಿದರು. ಜಂಟಿ ಸಮಿತಿಯೂ ಜನರ ಅಭಿಪ್ರಾಯ ಕೇಳಿತು; ಕೆಲವು ಸದಸ್ಯರು ಭಿನ್ನಮತದ ಟಿಪ್ಪಣಿ ಬರೆದರು; ಆದರೆ ಜುಲೈ 20ರ ವರದಿಯಲ್ಲಿ ಮಸೂದೆಗೆ ಯಾವ ಬದಲಾವಣೆಯೂ ಇರಲಿಲ್ಲ. ಜುಲೈ 26ಕ್ಕೆ ಲೋಕಸಭೆ, ಆಗಸ್ಟ್ 2ಕ್ಕೆ ರಾಜ್ಯಸಭೆ ಒಪ್ಪಿಗೆ ನೀಡಿದವು. ದಾಖಲೆಯಲ್ಲಿ ಅರಣ್ಯವೆಂದು ಬರೆಯದ, ನೆಲದ ಮೇಲೆ ಅರಣ್ಯವೇ ಆಗಿರುವ ಭೂಮಿಯ ರಕ್ಷಣೆ ಸಡಿಲಗೊಂಡಿತು. ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ, 1996ರ ತೀರ್ಪಿನ ಅರಣ್ಯ ವ್ಯಾಖ್ಯೆಯನ್ನೇ ಸದ್ಯಕ್ಕೆ ಅನುಸರಿಸಬೇಕೆಂದು 2024ರ ಫೆಬ್ರುವರಿಯಲ್ಲಿ ಮಧ್ಯಂತರ ಆದೇಶವಾಯಿತು. ಸದನದಲ್ಲಿ ತೂಗಿ ನೋಡಬೇಕಾದ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಹೊತ್ತೊಯ್ಯಬೇಕಾದುದು ಆರೋಗ್ಯದ ಲಕ್ಷಣವಲ್ಲ.

ಅಂಕಿ-ಅಂಶಗಳೂ ಇದನ್ನೇ ಸಾರುತ್ತವೆ. 1952ರಿಂದ 1957ರವರೆಗಿನ ಮೊದಲ ಲೋಕಸಭೆ 677 ದಿನ ಸಭೆ ಸೇರಿತ್ತು. 2019ರಿಂದ 2024ರವರೆಗಿನ ಹದಿನೇಳನೆಯ ಲೋಕಸಭೆ ಸೇರಿದ್ದು 274 ದಿನ. 2009ರಿಂದ 2014ರವರೆಗೆ ಮಂಡನೆಯಾದ ಮಸೂದೆಗಳಲ್ಲಿ ನೂರಕ್ಕೆ 71ರಷ್ಟು ಸಮಿತಿಗಳ ಪರಿಶೀಲನೆಗೆ ಹೋಗಿದ್ದವು. ಹದಿನೇಳನೆಯ ಲೋಕಸಭೆಯಲ್ಲಿ ಆ ಪ್ರಮಾಣ 16ಕ್ಕೆ ಕುಸಿಯಿತು. ಆ ಐದು ವರ್ಷವೂ ಉಪಸಭಾಧ್ಯಕ್ಷರ ಆಯ್ಕೆಯೇ ಆಗಲಿಲ್ಲ. ದಿನಗಳು ಕಡಿಮೆಯಾದಷ್ಟೂ ಪ್ರಶ್ನೆಗಳು ಕಡಿಮೆ. ಸಮಿತಿ ತಪ್ಪಿದಷ್ಟೂ ಜನರ ಮಾತಿಗೆ ಜಾಗ ಕಡಿಮೆ.

ಹಣದ ವಿಷಯದಲ್ಲಿಯೂ ಇದೇ ಸ್ಥಿತಿ. ತುಂಗಭದ್ರೆಯ ಒಂದು ಕೈಯಾದ ಭದ್ರೆಯ ನೀರನ್ನು ಚಿತ್ರದುರ್ಗದ ಕಡೆಗೆ ಒಯ್ಯುವ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ನೆರವನ್ನು 2023ರ ಫೆಬ್ರುವರಿ 1ರ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಲಾಯಿತು. ಘೋಷಿಸಿದ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಕರ್ನಾಟಕದಿಂದಲೇ ಆಯ್ಕೆಯಾದ ರಾಜ್ಯಸಭಾ ಸದಸ್ಯೆ. ಆ ವರ್ಷ ಮಾರ್ಚ್‌ನಲ್ಲಿ ಗದ್ದಲದ ನಡುವೆ ಎಲ್ಲ ಇಲಾಖೆಗಳ ಅನುದಾನ ಬೇಡಿಕೆಗಳನ್ನೂ ಲೋಕಸಭೆ ಚರ್ಚೆಯಿಲ್ಲದೆ ಅಂಗೀಕರಿಸಿತು. ಮಲೆನಾಡಿನ ಹೊಳೆಗಳಿಗೆ ಆಗುವ ಪರಿಣಾಮವೇನು, ಕೆಳದಂಡೆಯ ಊರುಗಳಿಗೆ ಉಳಿಯುವ ನೀರೆಷ್ಟು ಎಂದು ಕೇಳುವ ಅವಕಾಶ ಅಲ್ಲಿಗೆ ಮುಗಿಯಿತು. ಹಣ ಬಿಡುಗಡೆಯಾಗಲಿಲ್ಲವೆಂಬ ದೂರನ್ನು ರಾಜ್ಯ ಸರ್ಕಾರ ಮುಂದೆ ಮತ್ತೆ ಮತ್ತೆ ಎತ್ತಿತು. ಯೋಜನೆ ಬೇಕೆನ್ನುವವರಿಗೂ ಬೇಡವೆನ್ನುವವರಿಗೂ ಸದನದಲ್ಲಿ ಉತ್ತರ ಸಿಗಲಿಲ್ಲ.

ಗಳಗನಾಥಕ್ಕೆ ನೇರವಾಗಿ ತಟ್ಟುವ ಇನ್ನೊಂದು ಪ್ರಶ್ನೆ ಬೇಡ್ತಿ-ವರದಾ ನದಿ ಜೋಡಣೆ. ಕೇಂದ್ರ ನೀರಾವರಿ ಸಚಿವಾಲಯದ ಅಡಿಯಲ್ಲಿ 1982ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಜಲ ಅಭಿವೃದ್ಧಿ ಸಂಸ್ಥೆ ಗುರುತಿಸಿದ ದಕ್ಷಿಣ ಭಾರತದ 16 ಜೋಡಣೆಗಳಲ್ಲಿ ಇದೂ ಒಂದು, ನೇತ್ರಾವತಿ-ಹೇಮಾವತಿ ಇನ್ನೊಂದು. ಪಶ್ಚಿಮಕ್ಕೆ ಹರಿಯುವ ಬೇಡ್ತಿಯ ನೀರನ್ನು ಪೂರ್ವಕ್ಕೆ ತಿರುಗಿಸಿ ವರದೆಗೆ ಸೇರಿಸುವುದು ಇದರ ಉದ್ದೇಶ. ಶಿರಸಿ, ಯಲ್ಲಾಪುರದ ಜನ ಕಾಡು, ತೋಟ, ಕಣಿವೆಗಳ ಅಳಿವನ್ನು ನೆನೆದು ವಿರೋಧಿಸುತ್ತಾರೆ. ಹಾವೇರಿಯ ಕಡೆಯ ರೈತ ಬೇಸಿಗೆಯಲ್ಲಿ ಬತ್ತಿದ ವರದೆಯನ್ನು ನೋಡಿ ನೀರು ಬೇಕೆನ್ನುತ್ತಾನೆ. ಇಬ್ಬರ ನೋವೂ ನಿಜ. ಇವರಿಬ್ಬರನ್ನು ಎದುರುಬದುರು ನಿಲ್ಲಿಸಿ ಲಾಭ ಪಡೆಯುವ ರಾಜಕಾರಣ ಸುಲಭ. ನದಿಯಲ್ಲಿ ನಿಜವಾಗಿ ಎಷ್ಟು ನೀರಿದೆ, ಅದನ್ನು ಎತ್ತುವ ವಿದ್ಯುತ್ತಿನ ವೆಚ್ಚವೆಷ್ಟು, ವರದೆಯ ಕಣಿವೆಯ ಕೆರೆಗಳನ್ನು ಹೂಳೆತ್ತಿ ಕಾನುಗಳನ್ನು ಉಳಿಸಿದರೆ ದೊರೆಯುವ ನೀರೆಷ್ಟು ಎಂಬ ಲೆಕ್ಕ ಎರಡೂ ದಡದವರ ಮುಂದೆ ಬರಬೇಕು. 1980ರ ದಶಕದ ಆರಂಭದಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯನ್ನು ಶಿರಸಿ ಸೀಮೆಯ ಜನ ಇಂಥ ಲೆಕ್ಕದ ಬಲದಿಂದಲೇ ಎದುರಿಸಿದ್ದರು.

ಆ ಲೆಕ್ಕವನ್ನು ಬಾಯಿಬಿಡಿಸುವ ಸಾಧನಗಳು ಸಂಸತ್ತಿನಲ್ಲಿವೆ. ಅಧಿವೇಶನದ ಪ್ರಶ್ನೋತ್ತರ ವೇಳೆಗೆಂದು ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, ಲಿಖಿತ ಉತ್ತರಕ್ಕಾಗಿ 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳಿಗೆ ಅವಕಾಶವಿದೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಬಾಯ್ದೆರೆ ಉತ್ತರಿಸಿದ ಮೇಲೆ ಉಪಪ್ರಶ್ನೆಯನ್ನೂ ಕೇಳಬಹುದು. ಪ್ರಶ್ನೆಗೆ ಕನಿಷ್ಠ 15 ದಿನಗಳ ಮುನ್ಸೂಚನೆ ಬೇಕು. ಆದ್ದರಿಂದ ಅಧಿವೇಶನ ಆರಂಭವಾಗುವ ಮೊದಲೇ ಸಂಸದರ ಕೈಗೆ ಪ್ರಶ್ನೆಯನ್ನು ತಲುಪಿಸಬೇಕು. ಸಚಿವರು ಸದನದಲ್ಲಿ ನೀಡಿದ ಭರವಸೆ ಈಡೇರಿತೇ ಎಂದು ನೋಡಲು ಭರವಸೆಗಳ ಸಮಿತಿಯಿದೆ. ನಾಗರಿಕರ ಅರ್ಜಿಯನ್ನು ಸದಸ್ಯರೊಬ್ಬರ ಮೇಲುರುಜಿನೊಂದಿಗೆ ಸದನಕ್ಕೆ ಒಪ್ಪಿಸಲು ಅರ್ಜಿಗಳ ಸಮಿತಿಯಿದೆ. ಜಲಸಂಪನ್ಮೂಲ ಸಮಿತಿ ಪ್ರತಿ ವರ್ಷ ಸಚಿವಾಲಯದ ಅನುದಾನ ಬೇಡಿಕೆಗಳನ್ನು ಪರಿಶೀಲಿಸಿ ವರದಿ ಕೊಡುತ್ತದೆ. ನದಿ ಜೋಡಣೆಯ ಖರ್ಚೂ ಅದರೊಳಗೆ ಬರುತ್ತದೆ.

ಭಾಷೆಯ ಅಂಜಿಕೆಯೂ ಬೇಡ. ಸದನದ ವ್ಯವಹಾರ ಹಿಂದಿ ಮತ್ತು ಇಂಗ್ಲಿಷಿನಲ್ಲಿ ನಡೆದರೂ ಸದಸ್ಯರು ತಾಯ್ನುಡಿಯಲ್ಲಿ ಮಾತನಾಡಲು ಸಂವಿಧಾನ ಎಡೆಮಾಡಿಕೊಟ್ಟಿದೆ. 1967ರಲ್ಲಿ ಶಿವಮೊಗ್ಗದಿಂದ ಆಯ್ಕೆಯಾದ ಜೆ. ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿಯೇ ಮಾತನಾಡಿ ದಾರಿ ತೆರೆದರು. ವರದೆ ಹುಟ್ಟುವ ಜಿಲ್ಲೆಯ ಪ್ರತಿನಿಧಿ ಅವರು. ಸಂಗಮದ ಕಡೆಗೂ ಇಂಥದೇ ಹಿರಿಯ ಪರಂಪರೆಯುಂಟು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಸಂಗಾತಿಗಳಾದ ತಿರುಕಪ್ಪ ಮಡಿವಾಳರ, ವೀರಯ್ಯ ಹಿರೇಮಠರೊಡನೆ ಗುಂಡಿಗೆ ಎದೆಯೊಡ್ಡಿದ್ದು ತನ್ನನ್ನು ತಾನೇ ಆಳಿಕೊಳ್ಳುವ ಜನತೆಗಾಗಿ. ಮತ ಹಾಕಿ ಐದು ವರ್ಷ ಸುಮ್ಮನಿರುವ ಜನತೆ ಅವರ ಕನಸಿನಲ್ಲಿ ಇದ್ದಿರಲಾರದು.

ಹಳ್ಳಿಗಳೂ ವಿದ್ಯಾರ್ಥಿಗಳೂ ಕೈಗೊಳ್ಳಬೇಕಾದ ಕೆಲಸ ಸ್ಪಷ್ಟವಿದೆ. ಕ್ಷೇತ್ರದ ಸಂಸದರು ಯಾವ ಸಮಿತಿಯಲ್ಲಿದ್ದಾರೆ, ಕಾಡು-ನೀರಿನ ಬಗ್ಗೆ ಎಷ್ಟು ಪ್ರಶ್ನೆ ಕೇಳಿದ್ದಾರೆ, ಯಾವ ಉತ್ತರ ಪಡೆದಿದ್ದಾರೆ ಎಂಬುದು ಸಾರ್ವಜನಿಕ ದಾಖಲೆ. ಕಾಲೇಜಿನ ಹುಡುಗ ಹುಡುಗಿಯರು ಅದನ್ನು ಕನ್ನಡಕ್ಕೆ ತಂದು ಗ್ರಾಮಸಭೆಯಲ್ಲಿ ಓದಲಿ. ಮಸೂದೆಯ ಮೇಲೆ ಸಮಿತಿ ಅಭಿಪ್ರಾಯ ಕೇಳಿದಾಗ ಗಡುವಿನೊಳಗೆ ಊರಿನ ಅನುಭವವನ್ನು ಬರೆದು ಕಳಿಸಲಿ. ವರದಾಮೂಲ, ಬನವಾಸಿ, ಗಳಗನಾಥಗಳ ಗ್ರಾಮಸಭೆಗಳು ಒಂದೇ ಪ್ರಶ್ನೆಯನ್ನು ತಮ್ಮ ತಮ್ಮ ಸಂಸದರಿಗೆ ಒಪ್ಪಿಸಲಿ. ಘಟ್ಟದವರೂ ಬಯಲಿನವರೂ ಕೂಡಿ ಕೇಳಿದ ಪ್ರಶ್ನೆಯನ್ನು ಪ್ರಾದೇಶಿಕ ಜಗಳವೆಂದು ಬದಿಗೆ ಸರಿಸುವುದು ಯಾವ ಸಚಿವಾಲಯಕ್ಕೂ ಸುಲಭವಲ್ಲ. ಮುಂದಿನ ಅಧಿವೇಶನಕ್ಕೆ ಮೊದಲು ಆ ಪ್ರಶ್ನೆ ಸಿದ್ಧವಾಗಬೇಕು.