ಪೇಷೆಂಟ್ ಕಡೆಯವರು

‘ಪೇಷೆಂಟ್ ಕಡೆಯವರು ಯಾರ್ರೀ?’ ಎಂದು ನರ್ಸ್ ಕೂಗಿದರೆ ವಾರ್ಡಿನ ಹೊರಗಿನಿಂದ ಯಾರೋ ಒಬ್ಬರು ದಡಬಡಿಸಿ ಎದ್ದು ಬರುತ್ತಾರೆ. ನಮಗಿದು ತೀರಾ ಮಾಮೂಲು. ಆದರೆ ಮಾನಸಿಕ ಆಸ್ಪತ್ರೆಗಳಲ್ಲಿ ಒಂದು ಕಾಲಕ್ಕೆ ಹೀಗಿರಲಿಲ್ಲ. ಬ್ರಿಟಿಷರು ಕಟ್ಟಿಸಿದ ಎತ್ತರದ ಗೋಡೆಗಳ ಒಳಗೆ ರೋಗಿಯನ್ನು ಬಿಟ್ಟು ಬಂದರೆ ಮನೆಯವರ ಕೆಲಸ ಮುಗಿಯಿತು. ಎಷ್ಟೋ ಮಂದಿಯನ್ನು ವಾಪಸು ಕರೆದೊಯ್ಯಲು ಯಾರೂ ಬರಲೇ ಇಲ್ಲ.

1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಈ ರೂಢಿ ಮುರಿದರು. ದೇಶವಿಭಜನೆಯ ನಂತರ ಲಾಹೋರಿನ ರೋಗಿಗಳೂ ಸೇರಿ ಆಸ್ಪತ್ರೆ ಕಿಕ್ಕಿರಿದಿತ್ತು, ಸಿಬ್ಬಂದಿ ಸಾಲುತ್ತಿರಲಿಲ್ಲ. ಅವರು ಆವರಣದಲ್ಲೇ ಡೇರೆ ಹಾಕಿಸಿ, ರೋಗಿಯ ಜೊತೆ ಮನೆಯವರೂ ಉಳಿಯಲಿ ಎಂದರು. ಕೈಯಲ್ಲಿ ಏನೂ ಇಲ್ಲದವನ ಉಪಾಯ ಅದು. ಆದರೆ ಡೇರೆಯಲ್ಲಿದ್ದವರು ಬರೀ ಅನ್ನ ಬಡಿಸಿಕೊಂಡು ಕೂರಲಿಲ್ಲ. ಪಕ್ಕದ ಡೇರೆಯ ಹುಡುಗ ಚೇತರಿಸಿಕೊಳ್ಳುವುದನ್ನು ಕಂಡರು, ಇದು ದೆವ್ವದ ಕಾಟವಲ್ಲ, ಕಾಯಿಲೆ ಎಂದು ವೈದ್ಯರ ಬಾಯಲ್ಲೇ ಕೇಳಿದರು. ಅದೇ ದಶಕದಲ್ಲಿ ವೆಲ್ಲೂರಿನ ಸಿಎಂಸಿ ಕೂಡ ಕುಟುಂಬಕ್ಕೆ ಜಾಗ ಕೊಟ್ಟಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂದು ಅಮ್ಮನೋ ಅಣ್ಣನೋ ರೋಗಿಯ ಜೊತೆಗೇ ಉಳಿದುಕೊಂಡಿರುವುದು ಯಾರಿಗೂ ವಿಶೇಷವೆನಿಸುವುದಿಲ್ಲ.

ಜೊತೆಗಿದ್ದರೆ ಸಾಕು ಎಂದು ಇಲ್ಲಿಗೇ ಬೀಗಬಾರದು. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜಶಾಸ್ತ್ರಜ್ಞ ಆಸ್ಪತ್ರೆಯಿಂದ ಬಿಡುಗಡೆಯಾದ ಸ್ಕಿಜೋಫ್ರೇನಿಯಾ ರೋಗಿಗಳ ಬೆನ್ನು ಹಿಡಿದಾಗ ಕಂಡದ್ದು ಮುಜುಗರದ ಸಂಗತಿ: ಬಾಡಿಗೆ ಕೋಣೆ ಸೇರಿದವರಿಗಿಂತ ತಂದೆತಾಯಿ, ಹೆಂಡತಿಯ ಬಳಿಗೆ ಹೋದವರೇ ಹೆಚ್ಚಾಗಿ ಮತ್ತೆ ಕಾಯಿಲೆ ಬಿದ್ದಿದ್ದರು. ಮುಂದೆ 1976ರಲ್ಲಿ ವಾನ್ ಮತ್ತು ಲೆಫ್ ಎಂಬ ಸಂಶೋಧಕರು ಇದನ್ನು ಇನ್ನಷ್ಟು ಬಿಡಿಸಿದರು. ಸದಾ ತಪ್ಪು ಹುಡುಕುವ, ಸಿಡುಕುವ, ಇಲ್ಲವೇ ಉಸಿರು ಕಟ್ಟುವಷ್ಟು ಕಾಳಜಿ ತೋರುವ ಮನೆಗಳಲ್ಲಿ, ವಾರಕ್ಕೆ 35 ಗಂಟೆಗಿಂತ ಹೆಚ್ಚು ಹೊತ್ತು ಮುಖಾಮುಖಿ ಇದ್ದಷ್ಟೂ ಅಪಾಯವೇ ಹೆಚ್ಚು. ಅಂಥಲ್ಲಿ ಮನೆಯವರು ಬೆಳಗ್ಗೆ ಆಫೀಸಿಗೆ ಹೊರಟುಬಿಡುವುದೂ ಒಂದು ಚಿಕಿತ್ಸೆಯೇ!

ಇದೇ ಅಳತೆಗೋಲು ಹಿಡಿದು ಚಂಡೀಗಢದಲ್ಲಿ ನೋಡಿದಾಗ ಅಂಥ ಮನೆಗಳು ಲಂಡನ್ನಿಗಿಂತ ಕಡಿಮೆ ಸಿಕ್ಕವು, ಹಳ್ಳಿಗಳಲ್ಲಂತೂ ಇನ್ನೂ ಕಡಿಮೆ. ನಮ್ಮ ಕೂಡುಕುಟುಂಬದ ಹಿರಿಮೆ ಎಂದು ಭಾಷಣ ಬಿಗಿಯುವವರಿಗೆ ಇದು ಹಬ್ಬ. ನನಗೆ ಕಾಣುವ ಕಾರಣ ಬೇರೆ: ಮನೆ ತುಂಬ ಜನರಿದ್ದರೆ ಸಿಡುಕುವವರು ಎದ್ದು ಹೋದಾಗ ಕೂರಲು ಇನ್ನೊಬ್ಬರಿರುತ್ತಾರೆ. ಈಗ ಹಾಗಿಲ್ಲ. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಒಬ್ಬ ತಾಯಿ, ಒಬ್ಬ ಮಗ. ಅಣ್ಣ ಅಮೆರಿಕದಿಂದ ತಪ್ಪದೆ ದುಡ್ಡು ಕಳಿಸುತ್ತಾನೆ, ಭಾನುವಾರ ವಿಡಿಯೋ ಕಾಲ್ ಮಾಡಿ ‘ಮಾತ್ರೆ ತಗೊಂಡ್ಯೇನೋ’ ಎಂದು ವಿಚಾರಿಸುತ್ತಾನೆ. ಆ ತಾಯಿ ಸಿಡುಕದೆ ಇನ್ನೇನು ಮಾಡಿಯಾಳು?

ನೆಂಟರೂ ಬರುತ್ತಾರೆ, ಸೇಬು ಹಿಡಿದು. ಹತ್ತು ನಿಮಿಷ ಕೂತು ಯಾವುದೋ ದೇವಸ್ಥಾನದ ಹೆಸರು ಹೇಳಿ ಎದ್ದು ಹೋಗುತ್ತಾರೆ. ‘ಅಕ್ಕಾ, ನೀನು ಹೋಗಿ ಮಲಗು, ಸಂಜೆವರೆಗೂ ನಾನಿರ್ತೀನಿ’ ಎನ್ನುವವರು ಅವರಲ್ಲಿ ಯಾರಾದರೂ ಇದ್ದಾರೆಯೇ?