ಸಂಖ್ಯೆಗೂ ಒಂದು ಕುಲಗೋತ್ರ



ಟೆಲಿಫೋನ್ ನಂಬರನ್ನು ನಾವು ಬರೆದಿಡುತ್ತೇವೆ, ಬೇಕಾದಾಗ ಕರೆ ಮಾಡುತ್ತೇವೆ, ಅಷ್ಟೇ ತಾನೇ? ಅಮೆರಿಕದ ಲೀಹೈ ವಿಶ್ವವಿದ್ಯಾಲಯದ ಗಣಿತಜ್ಞ ಆಲ್ಬರ್ಟ್ ವಿಲಾನ್ಸ್ಕಿ ಅಷ್ಟಕ್ಕೇ ಬಿಡಲಿಲ್ಲ. ಅವರ ಭಾವಮೈದುನ ಸ್ಮಿತ್ ಅವರ ನಂಬರು 4937775. ಇದರ ಅಂಕಿಗಳನ್ನು ಕೂಡಿ ನೋಡಿ, 42 ಬರುತ್ತದೆ. ಈಗ ಸಂಖ್ಯೆಯನ್ನೇ ಒಡೆಯಿರಿ: 3 × 5 × 5 × 65837. ಇದಕ್ಕಿಂತ ಮುಂದೆ ಒಡೆಯಲು ಬಾರದು. ಈ ತುಂಡುಗಳ ಅಂಕಿಗಳನ್ನೆಲ್ಲ ಕೂಡಿದರೆ, 3+5+5+6+5+8+3+7, ಮತ್ತೆ 42!

ಇಂಥ ಸಂಖ್ಯೆಗಳಿಗೆ ವಿಲಾನ್ಸ್ಕಿ 1982ರಲ್ಲಿ ‘ಸ್ಮಿತ್ ಸಂಖ್ಯೆ’ ಎಂದು ಹೆಸರಿಟ್ಟರು. ನಮ್ಮ 22 ಕೂಡ ಇದೇ ಕುಲದ್ದು. 2+2 ಅಂದರೆ 4; ಒಡೆದರೆ 2 × 11, ಅಲ್ಲಿಯೂ 2+1+1, ನಾಲ್ಕೇ. ಒಡೆಯಲಾಗದ ಅವಿಭಾಜ್ಯ ಸಂಖ್ಯೆಗಳಿಗೆ ಮಾತ್ರ ಇಲ್ಲಿ ಪ್ರವೇಶವಿಲ್ಲ. ಸ್ಮಿತ್ ಸಂಖ್ಯೆಗಳಿಗೆ ಕೊನೆಯೇ ಇಲ್ಲವೆಂದು 1987ರಲ್ಲಿ ವೇಯ್ನ್ ಮ್ಯಾಕ್‌ಡೇನಿಯಲ್ ಸಾಧಿಸಿ ತೋರಿಸಿದರು.

ಹೀಗೆ ಕುಲ ಹುಡುಕುವವರು ನಮ್ಮಲ್ಲೂ ಇದ್ದರು. ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಡಿ. ಆರ್. ಕಾಪ್ರೇಕರ್ (1905–1986) ಪದವಿಯಿಂದ ಮುಂದೆ ಓದಿದವರಲ್ಲ. ತನ್ನ ಅಂಕಿಗಳ ಮೊತ್ತದಿಂದಲೇ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆಯನ್ನು ಅವರು ‘ಹರ್ಷದ’ ಎಂದು ಕರೆದರು, ಹರ್ಷ ಕೊಡುವಂಥದ್ದು ಎಂದು. ಜಪಮಾಲೆಯ 108 ಹರ್ಷದ ಸಂಖ್ಯೆ: ಮೊತ್ತ 9, ಒಂಬತ್ತು ಹನ್ನೆರಡಲೆ 108. ರಾಮಾನುಜನ್ ಅವರಿಂದ ಪ್ರಸಿದ್ಧವಾದ 1729 ಕೂಡ ಹರ್ಷದವೇ. ಅದರ ಮೊತ್ತ 19, ಮತ್ತು 19 × 91 = 1729. ಆ 19, 91ರ ಜೋಡಿಯನ್ನು ಗಮನಿಸಿದಿರಾ? ಒಂದು ಇನ್ನೊಂದರ ಕನ್ನಡಿಬಿಂಬ!

ಇಂಗ್ಲಿಷ್ ಬಿ.ಎ. ಓದಿ ಅಡಿಗೆಮನೆ ಸೇರಿದ ಗೃಹಿಣಿಗೆ ಇದೆಲ್ಲ ಏಕೆ ಎನ್ನುತ್ತೀರೇನೋ. ಇದಕ್ಕೆ ಬೇಕಾದದ್ದು ಕೂಡುವುದು, ಭಾಗಿಸುವುದು; ಹಾಲಿನವನ ಲೆಕ್ಕಕ್ಕೆ ಬೇಕಾಗುವಷ್ಟೇ. ಆದರೂ ನಮ್ಮಲ್ಲಿ ಎಷ್ಟೋ ತಾಯಂದಿರು ಮಕ್ಕಳ ಎದುರಿಗೇ “ಲೆಕ್ಕ ನಮ್ಮ ವಂಶಕ್ಕೇ ಹತ್ತುವುದಿಲ್ಲ” ಎಂದುಬಿಡುತ್ತೇವೆ. ನಾವು ಅದನ್ನು ತಮಾಷೆಗೆ ಹೇಳಿ ಮರೆಯುತ್ತೇವೆ, ಕೇಳಿದ ಮಗು ಮರೆಯುವುದಿಲ್ಲ. ಮಾರನೆಯ ದಿನ ಕಠಿಣ ಲೆಕ್ಕವೊಂದು ಎದುರಾದಾಗ, ಪ್ರಯತ್ನಿಸುವ ಮೊದಲೇ ಪೆನ್ಸಿಲ್ ಕೆಳಗಿಡಲು ಅದಕ್ಕೊಂದು ಕಾರಣ ಸಿಕ್ಕಿರುತ್ತದೆ.

ಆ ಮಾತಿನ ಬದಲು ಇವತ್ತು ಸಂಜೆ ಮಗುವಿನ ಜೊತೆ ಕಾಗದ ಹಿಡಿದು ಕೂತುಕೊಳ್ಳಿ. 378 ತೆಗೆದುಕೊಳ್ಳಿ. ಅದು ಸ್ಮಿತ್ ಕುಲಕ್ಕೂ ಸೇರಿದೆ, ಹರ್ಷದ ಕುಲಕ್ಕೂ ಸೇರಿದೆ. ಹೇಗೆಂದು ನಾನು ಹೇಳುವುದಿಲ್ಲ. ನೀವಿಬ್ಬರೂ ಸೇರಿ ಕಂಡುಹಿಡಿಯಿರಿ.